ಹದಿಹರೆಯದವರ ಕುಡಿತ, ಮಾದಕ ವಸ್ತು ಮತ್ತು ಮನೆಯ ಹಿನ್ನೆಲೆ: ಕೋಲಾರ ಜಿಲ್ಲೆಯಲ್ಲಿ ಸಮೀಕ್ಷೆ ಮಾಡುವುದು ಹೇಗೆ

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಓದುತ್ತಿರುವವರಿಗೆ, ಕಮ್ಯುನಿಟಿ ಮೆಡಿಸಿನ್ ವಿದ್ಯಾರ್ಥಿಗಳಿಗೆ, ಊರಿನ ಮಕ್ಕಳ ಬಗ್ಗೆ ಚಿಂತೆ ಇರುವ ಮೇಷ್ಟ್ರು ಮತ್ತು ಮೇಡಂಗಳಿಗೆ ಈ ಬರಹ. "ಈಗಿನ ಹುಡುಗರು ಕೆಟ್ಟುಹೋಗಿದ್ದಾರೆ" ಎನ್ನುವ ಮಾತು ಬಸ್ ಸ್ಟ್ಯಾಂಡಿನಲ್ಲೂ ಕೇಳುತ್ತದೆ, ಅಧಿಕಾರಿಗಳ ಸಭೆಯಲ್ಲೂ ಕೇಳುತ್ತದೆ. ಎಷ್ಟು ಹುಡುಗರು? ಯಾವ ವಯಸ್ಸಿನವರು? ಏನು ಬಳಸುತ್ತಾರೆ? ಹುಡುಗಿಯರ ಕಥೆ ಏನು? ಇದಕ್ಕೆಲ್ಲ ಉತ್ತರ ಬೇಕಾದರೆ ಮಕ್ಕಳನ್ನೇ ಕೇಳಬೇಕು. ಕೇಳುವುದಕ್ಕೂ ಒಂದು ಕ್ರಮ ಇದೆ.

ದೇಶದ ಲೆಕ್ಕ ಈಗಾಗಲೇ ಇದೆ. ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. 10ರಿಂದ 75 ವರ್ಷದವರಲ್ಲಿ ಶೇ. 14.6 ಮಂದಿ ಮದ್ಯ ಕುಡಿಯುತ್ತಾರೆ ಎಂದು ಅದು ಹೇಳಿತು. ಅದೇ ವರದಿಯಲ್ಲಿ ಇನ್ನೊಂದು ಅಂಶ ಇದೆ, ಅದು ನನಗೆ ಹೆಚ್ಚು ಮುಖ್ಯ. ಪಂಕ್ಚರ್ ಸೊಲ್ಯೂಷನ್, ವೈಟ್ನರ್, ಥಿನ್ನರ್‌ನಂಥ ಮೂಸುವ ವಸ್ತುಗಳ ಬಳಕೆ ಮಾತ್ರ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಶೇ. 8.5 ಮಂದಿ ಯಾವುದೋ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಇವೆಲ್ಲ ದೂರದಿಂದ ತೆಗೆದ ಚಿತ್ರಗಳು. ಶ್ರೀನಿವಾಸಪುರದ ಹಳ್ಳಿ ಹೈಸ್ಕೂಲಿಗೂ ಕೆಜಿಎಫ್‌ನ ಪಿಯು ಕಾಲೇಜಿಗೂ ಇರುವ ವ್ಯತ್ಯಾಸ ಇವುಗಳಲ್ಲಿ ಕಾಣುವುದಿಲ್ಲ.

ಶುರು ಮಾಡುವ ಮುಂಚೆ ಒಂದು ಮಾತು. "ನಾನು ಬರೆದದ್ದು ನಮ್ಮಪ್ಪನಿಗೂ ಹೆಡ್‌ಮಾಸ್ಟರಿಗೂ ಗೊತ್ತಾಗುವುದಿಲ್ಲ" ಎಂಬ ನಂಬಿಕೆ ಮಗುವಿಗೆ ಬಂದರೆ ಮಾತ್ರ ನಿಮ್ಮ ಅಂಕಿಗೆ ಬೆಲೆ. ಆ ನಂಬಿಕೆ ಇಲ್ಲದಿದ್ದರೆ ಎಷ್ಟು ದೊಡ್ಡ ಸ್ಯಾಂಪಲ್ ತಗೊಂಡರೂ ಸುಮ್ನೆ ಕಾಗದ ದಂಡ. ಮುಂದೆ ಹೇಳುವ ಪ್ರತಿ ಹೆಜ್ಜೆಯನ್ನೂ ಈ ಒಂದು ಮಾತಿನ ಮೇಲೆ ಅಳೆದು ನೋಡಿ.

ಮೊದಲು ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ

"ಯುವಜನ ಮತ್ತು ಮಾದಕ ವ್ಯಸನ" ಅನ್ನುವುದು ಭಾಷಣದ ವಿಷಯ. ಸಮೀಕ್ಷೆಗೆ ಅದು ಸಾಲದು. ನಿಮ್ಮ ಪ್ರಶ್ನೆ ಹೀಗಿರಲಿ: ಕೋಲಾರ ಜಿಲ್ಲೆಯ 9ನೇ ತರಗತಿ ಮತ್ತು ಪ್ರಥಮ ಪಿಯುಸಿ ಮಕ್ಕಳಲ್ಲಿ ಕಳೆದ 12 ತಿಂಗಳಲ್ಲಿ ಮದ್ಯ, ತಂಬಾಕು, ಇತರ ಮಾದಕ ವಸ್ತು ಬಳಸಿದವರು ನೂರಕ್ಕೆ ಎಷ್ಟು? ಮನೆಯ ಸ್ಥಿತಿಗತಿ, ಅಪ್ಪ ಅಮ್ಮನ ಓದು, ಕೈಖರ್ಚು, ರಜೆಯಲ್ಲಿ ಮಾಡುವ ಕೂಲಿ ಕೆಲಸ, ಇವುಗಳಿಗೂ ಆ ಬಳಕೆಗೂ ಸಂಬಂಧ ಇದೆಯಾ?

9ನೇ ತರಗತಿ ಮತ್ತು ಪ್ರಥಮ ಪಿಯುಸಿ ಯಾಕೆ? 10ನೇ ತರಗತಿಯವರನ್ನು ಪೂರ್ವಸಿದ್ಧತಾ ಪರೀಕ್ಷೆ, ಸ್ಪೆಷಲ್ ಕ್ಲಾಸ್ ಬಿಡಿಸಿ ಕೂರಿಸಲು ಯಾವ ಶಾಲೆಯೂ ಸುಲಭಕ್ಕೆ ಒಪ್ಪುವುದಿಲ್ಲ. ಈ ಎರಡು ತರಗತಿ ಹಿಡಿದರೆ ಸುಮಾರು 14ರಿಂದ 17 ವರ್ಷದವರು ಸಿಗುತ್ತಾರೆ.

ತಿಂಗಳನ್ನೂ ಯೋಚಿಸಿ ಆರಿಸಿ. "ಕಳೆದ 30 ದಿನದಲ್ಲಿ" ಅಂತ ಕೇಳುವಾಗ ಆ 30 ದಿನದಲ್ಲಿ ಯಾವ ಹಬ್ಬ ಬಂತು ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಯುಗಾದಿಯ ಮಾರನೇ ದಿನದ ಹೊಸತೊಡಕು, ಮಹಾಲಯ ಅಮಾವಾಸ್ಯೆ, ಊರ ಜಾತ್ರೆ, ಗಣೇಶನ ಮೆರವಣಿಗೆ, ಇವೆಲ್ಲ ಅಂಕಿಯನ್ನು ಮೇಲಕ್ಕೆ ಒಯ್ಯಬಹುದು. ದಸರಾ ರಜೆ ಮುಗಿದು ಕೆಲವು ವಾರ ಕಳೆದ ಮೇಲೆ, ಡಿಸೆಂಬರಿನ ಶಾಲಾ ಪ್ರವಾಸ ಮತ್ತು ವಾರ್ಷಿಕೋತ್ಸವದ ಗಡಿಬಿಡಿಗೆ ಮುಂಚೆ ಮಾಡುವುದು ಒಳ್ಳೆಯದು.

ಅನುಮತಿ ಮತ್ತು ಒಪ್ಪಿಗೆ

ಮಕ್ಕಳ ಮೇಲಿನ ಅಧ್ಯಯನ ಅಂದಮೇಲೆ ನೈತಿಕ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಬೇಕೇ ಬೇಕು. ನಿಮ್ಮ ಕಾಲೇಜಿನಲ್ಲಿ ಅಂಥ ಸಮಿತಿ ಇಲ್ಲದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನ ಸಮಿತಿಯನ್ನು ಕೇಳಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ 12ರಿಂದ 18 ವರ್ಷದವರಿಂದ ಲಿಖಿತ ಸಮ್ಮತಿ, ಜೊತೆಗೆ ಪೋಷಕರ ಒಪ್ಪಿಗೆ, ಎರಡೂ ಬೇಕು. ಹೆಸರಿಲ್ಲದ ಫಾರಂ ತುಂಬಿಸುವಾಗ ಮಗುವಿನ ಸಹಿಯೇ ಗುರುತು ಬಿಟ್ಟುಕೊಡುತ್ತದೆ, ಅಲ್ವಾ? ಅದಕ್ಕೆ ಸಮ್ಮತಿ ಹಾಳೆಯನ್ನು ಬೇರೆ ಪಡೆದು, ಬೇರೆ ಲಕೋಟೆಯಲ್ಲಿ ಇಡಿ. ಫಾರಂಗೂ ಅದಕ್ಕೂ ಯಾವ ನಂಬರಿನ ನಂಟೂ ಇರಬಾರದು. ಸಹಿಯೇ ಬೇಡ ಅಂತ ವಿನಾಯಿತಿ ಕೇಳುವುದಾದರೆ ಕಾರಣ ಬರೆದು ಸಮಿತಿಯ ಮುಂದಿಡಿ. ನೀವಾಗಿಯೇ ತೀರ್ಮಾನ ಮಾಡಬೇಡಿ.

ಹೈಸ್ಕೂಲಿಗೆ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು) ಮತ್ತು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಪಿಯು ಕಾಲೇಜಿಗೆ ಡಿಡಿಪಿಯು (ಪದವಿ ಪೂರ್ವ ಶಿಕ್ಷಣದ ಉಪನಿರ್ದೇಶಕರು) ಅನುಮತಿ ಪತ್ರ ಬೇಕು. ಪತ್ರ ಇದ್ದರೂ ಮುಖ್ಯ ಶಿಕ್ಷಕರ ಮನಸ್ಸಿನಲ್ಲಿ ಒಂದೇ ಭಯ ಇರುತ್ತದೆ: ನಮ್ಮ ಶಾಲೆ ಹೆಸರು ಪೇಪರಿನಲ್ಲಿ ಬಂದರೆ? ಆ ಭಯ ನ್ಯಾಯವಾದದ್ದೇ. ಶಾಲೆಯ ಹೆಸರು ಎಲ್ಲೂ ಬರುವುದಿಲ್ಲ, ಶಾಲೆವಾರು ಅಂಕಿ ಇಲಾಖೆಗೂ ಕೊಡುವುದಿಲ್ಲ ಅಂತ ನಿಮ್ಮ ಸಹಿ ಹಾಕಿದ ಪತ್ರ ಕೈಗೆ ಕೊಡಿ. ಬಾಯಿಮಾತು ಸಾಲದು.

ಪೋಷಕರಿಗೆ ಹೋಗುವ ಪತ್ರಕ್ಕೆ "ಮಾದಕ ವ್ಯಸನಿಗಳ ಸಮೀಕ್ಷೆ" ಎಂದು ತಲೆಬರಹ ಹಾಕಿದರೆ ಅಲ್ಲಿಗೆ ಕಥೆ ಮುಗಿಯಿತು. ವಿಷಯ ಮುಚ್ಚಿಡಲೂಬಾರದು. "ಹದಿಹರೆಯದವರ ಆರೋಗ್ಯ ಮತ್ತು ಅಭ್ಯಾಸಗಳ ಸಮೀಕ್ಷೆ, ಇದರಲ್ಲಿ ತಂಬಾಕು, ಮದ್ಯ, ಮಾದಕ ವಸ್ತುಗಳ ಪ್ರಶ್ನೆಗಳೂ ಇವೆ, ಹೆಸರು ಬರೆಯುವಂತಿಲ್ಲ, ಇಷ್ಟವಿಲ್ಲದಿದ್ದರೆ ನಿಮ್ಮ ಮಗು ಬಿಡಬಹುದು" ಎಂದು ಸರಳವಾಗಿ ಬರೆಯಿರಿ. ಓದು ಬಾರದ ಪೋಷಕರಿಗೆ ಶಾಲೆಯ ಸಭೆಯಲ್ಲೇ ಬಾಯಲ್ಲಿ ಹೇಳಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಆ ಮಾತು ತೆಲುಗಿನಲ್ಲೇ ಆಗಬೇಕಾಗಬಹುದು.

ಕಾನೂನೂ ತಿಳಿದಿರಲಿ. ಬಾಲ ನ್ಯಾಯ ಕಾಯ್ದೆ 2015ರ ಸೆಕ್ಷನ್ 77ರಂತೆ ಮಗುವಿಗೆ ಮದ್ಯ, ತಂಬಾಕು ಅಥವಾ ಮಾದಕ ವಸ್ತು ಕೊಡುವವರಿಗೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವುದು 2003ರ ಕೋಟ್ಪಾ (ತಂಬಾಕು ನಿಯಂತ್ರಣ) ಕಾಯ್ದೆ ಪ್ರಕಾರ ಅಪರಾಧ. ಇನ್ನೊಂದು ಗಂಭೀರ ವಿಷಯ ಪೋಕ್ಸೊ, ಅಂದರೆ ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ. ಲೈಂಗಿಕ ದೌರ್ಜನ್ಯ ಗೊತ್ತಾದರೆ ದೂರು ಕೊಡುವುದು ಕಡ್ಡಾಯ. ಹಾಗಾಗಿ ಹೆಸರಿಲ್ಲದ ಫಾರಂನಲ್ಲಿ ಆ ಬಗ್ಗೆ ಪ್ರಶ್ನೆ ಹಾಕಬೇಡಿ. ಆದರೆ ಮಗು ನಿಮ್ಮ ಹತ್ತಿರ ಬಂದು ಬಾಯಿಬಿಟ್ಟು ಹೇಳಿದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ನಿಮ್ಮ ತಂಡದ ಪ್ರತಿಯೊಬ್ಬರಿಗೂ ಮೊದಲೇ ಗೊತ್ತಿರಬೇಕು.

ಎಷ್ಟು ಮಕ್ಕಳು, ಯಾವ ಶಾಲೆ

ಸೂತ್ರ ಹಳೆಯದು. ಬಳಕೆ ಶೇ. 10 ಇರಬಹುದು ಅಂದುಕೊಳ್ಳಿ. ಶೇ. 3ರಷ್ಟು ಹೆಚ್ಚುಕಡಿಮೆ ಪರವಾಗಿಲ್ಲ ಅನ್ನಿ. 1.96ರ (ಶೇ. 95 ವಿಶ್ವಾಸಕ್ಕೆ ಬಳಸುವ ಸಂಖ್ಯೆ) ವರ್ಗವನ್ನು 0.10 ಮತ್ತು 0.90ರಿಂದ ಗುಣಿಸಿ, 0.03ರ ವರ್ಗದಿಂದ ಭಾಗಿಸಿ. 385 ಬರುತ್ತದೆ. ಇದು ಇಡೀ ಜಿಲ್ಲೆಯ ಮಕ್ಕಳಲ್ಲಿ ಒಬ್ಬೊಬ್ಬರನ್ನೇ ಚೀಟಿ ಎತ್ತಿ ಆರಿಸಿದರೆ ಸಾಕಾಗುವ ಲೆಕ್ಕ. ನೀವು ಹಾಗೆ ಮಾಡುವುದಿಲ್ಲ, ಇಡೀ ತರಗತಿಯನ್ನೇ ತಗೊಳ್ಳುತ್ತೀರಿ. ಒಂದೇ ತರಗತಿಯ ಹುಡುಗರು ಒಂದೇ ಗುಂಪಿನಲ್ಲಿ ಓಡಾಡುತ್ತಾರೆ, ಅವರ ಅಭ್ಯಾಸಗಳೂ ಒಂದೇ ಥರ ಇರುತ್ತವೆ. ಇದಕ್ಕಾಗಿ ಸಂಖ್ಯೆಯನ್ನು 2ರಿಂದ ಗುಣಿಸಿ: 770. ಶೇ. 15 ಮಂದಿ ಗೈರುಹಾಜರಾಗಬಹುದು, ಬೇಡ ಅನ್ನಬಹುದು. ಅದನ್ನೂ ಸೇರಿಸಿದರೆ ಸುಮಾರು 906. ತರಗತಿಗೆ 35 ಮಕ್ಕಳಂತೆ 26 ತರಗತಿಗಳು. ಇಷ್ಟರಲ್ಲಿ ಜಿಲ್ಲೆಗೆ ಒಂದು ಅಂಕಿ ಹೇಳಬಹುದು. ಕೋಲಾರ, ಮಾಲೂರು, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರ ಅಂತ ಆರು ತಾಲ್ಲೂಕಿಗೂ ಬೇರೆ ಬೇರೆ ಹೇಳಲು ಹೋದರೆ ಆ ಅಂಕಿ ನಿಲ್ಲುವುದಿಲ್ಲ.

ಶಾಲೆಗಳ ಪಟ್ಟಿ ಯುಡೈಸ್‌ನಿಂದ (ದೇಶದ ಶಾಲೆಗಳ ಸರ್ಕಾರಿ ಮಾಹಿತಿ ಕೋಶ) ಸಿಗುತ್ತದೆ. ಸರ್ಕಾರಿ, ಅನುದಾನಿತ, ಖಾಸಗಿ ಎಂದು ವಿಂಗಡಿಸಿ, ಪ್ರತಿ ಗುಂಪಿನಿಂದ ಮಕ್ಕಳ ಸಂಖ್ಯೆಗೆ ತಕ್ಕ ಅವಕಾಶ ಸಿಗುವಂತೆ ಶಾಲೆ ಆರಿಸಿ. ಗುರುತಿನ ಹೆಡ್‌ಮಾಸ್ಟರ್ ಇದ್ದಾರೆ, ಬಸ್ಸಿಗೆ ಹತ್ತಿರ ಇದೆ ಅಂತ ಶಾಲೆ ಆರಿಸಿದರೆ ಹೈವೇ ಪಕ್ಕದ ಮಕ್ಕಳ ಸಮೀಕ್ಷೆ ಆಗುತ್ತದೆ, ಜಿಲ್ಲೆಯದ್ದಲ್ಲ.

ಸಮೀಕ್ಷೆಯ ದಿನ ಶಾಲೆಗೆ ಬಾರದ ಮಕ್ಕಳ ಸಂಖ್ಯೆ ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಇನ್ನೊಂದು ದಿನ ಹೋಗಿ. ಶಾಲೆಗೆ ಸರಿಯಾಗಿ ಬರದವರಲ್ಲಿ ಬಳಕೆ ಜಾಸ್ತಿ ಅನ್ನುವುದು ಬೇರೆ ದೇಶಗಳ ಶಾಲಾ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಶಾಲೆ ಬಿಟ್ಟೇಬಿಟ್ಟವರು ಇನ್ನೂ ದೂರ. ಗ್ಯಾರೇಜಿನಲ್ಲಿ, ಇಟ್ಟಿಗೆ ಗೂಡಿನಲ್ಲಿ, ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಎತ್ತುವ ಹುಡುಗರು ನಿಮ್ಮ 906ರಲ್ಲಿ ಬರುವುದಿಲ್ಲ. ಅವರಿಗೆ ಬೇರೆಯದೇ ಅಧ್ಯಯನ ಬೇಕು. ವರದಿಯಲ್ಲಿ "ಶಾಲಾ ಮಕ್ಕಳು" ಅಂತಲೇ ಬರೆಯಿರಿ, "ಜಿಲ್ಲೆಯ ಹದಿಹರೆಯದವರು" ಅಂತ ಬರೆಯಬೇಡಿ.

ಪ್ರಶ್ನಾವಳಿ: ಇಲ್ಲೇ ಜಾಸ್ತಿ ಸಮಯ ಕೊಡಿ

ಶಾಲೆಯಲ್ಲಿ ಕನ್ನಡ ಓದುವ ಮಗು ಮನೆಯಲ್ಲಿ ತೆಲುಗು, ಉರ್ದು ಅಥವಾ ತಮಿಳು ಆಡುತ್ತಿರಬಹುದು. ಕೆಜಿಎಫ್‌ನಲ್ಲಿ ತಮಿಳು ಮನೆಮಾತಿನವರು ತುಂಬಾ. ಉರ್ದು ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳೂ ಇವೆ. ಹಾಗಾಗಿ ಕನ್ನಡ ಫಾರಂ ಒಂದೇ ಸಾಲದು. ಅನುವಾದ ಮಾಡಿಸಿ, ಅದನ್ನು ಮೂಲ ನೋಡದ ಇನ್ನೊಬ್ಬರಿಂದ ತಿರುಗಿ ಕನ್ನಡಕ್ಕೆ ಹಾಕಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮಕ್ಕಳಿಗೆ ಅರ್ಥವಾಗುವ ಹೆಸರೇ ಬಳಸಿ. "ಮದ್ಯಸಾರಯುಕ್ತ ಪಾನೀಯ ಸೇವನೆ" ಅಂತ ಯಾವ ಹುಡುಗನೂ ಮಾತಾಡುವುದಿಲ್ಲ. ಎಣ್ಣೆ, ಬಿಯರು, ನೈಂಟಿ, ಕ್ವಾರ್ಟರ್ ಅಂತಾರೆ. ಗಾಂಜಾಗೆ ಸೊಪ್ಪು ಅಂತಾರೆ. ಗುಟ್ಕಾ, ಬೀಡಿ, ಸಿಗರೇಟು, ಕಡ್ಡಿಪುಡಿ ಒಂದೊಂದನ್ನೂ ಬೇರೆ ಬೇರೆ ಕೇಳಿ. ಗುಟ್ಕಾ ತಿನ್ನುವ ಹುಡುಗ "ತಂಬಾಕು ಬಳಸುತ್ತೀರಾ?" ಅಂದರೆ ಇಲ್ಲ ಅಂತ ನಿಜ ಮನಸ್ಸಿನಿಂದಲೇ ಬರೆಯಬಹುದು. 2013ರಿಂದ ರಾಜ್ಯದಲ್ಲಿ ಗುಟ್ಕಾ ನಿಷೇಧ ಆದಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಕೊಂಡು ಬೆರೆಸುವ ಅಭ್ಯಾಸ ಇದೆ, ಅದನ್ನೂ ಸೇರಿಸಿ.

ಕುಡಿತದ ಪ್ರಶ್ನೆಯಲ್ಲಿ ದೊಡ್ಡ ತೊಡಕು ಒಂದಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆಯಲ್ಲಿ ಬಾಡೂಟದ ಜೊತೆ ಎಣ್ಣೆಯನ್ನೂ ಇಡುತ್ತಾರೆ. ಪೂಜೆ ಮುಗಿದ ಮೇಲೆ ಚಿಕ್ಕಪ್ಪನೋ ಮಾವನೋ ಹುಡುಗನ ಬಾಯಿಗೆ ಒಂದು ಗುಟುಕು ಹಾಕಿರುತ್ತಾರೆ. ಆ ಹುಡುಗ "ಕುಡಿದಿದ್ದೀರಾ?" ಅನ್ನುವುದಕ್ಕೆ ಏನು ಬರೆಯಬೇಕು? ಅವನನ್ನೂ ಶನಿವಾರ ಶನಿವಾರ ಗೆಳೆಯರ ಜೊತೆ ತೋಪಿನಲ್ಲಿ ಕೂರುವವನನ್ನೂ ಒಂದೇ ಖಾನೆಗೆ ಹಾಕಿದರೆ ಲೆಕ್ಕ ಹಾಳು. ಅದಕ್ಕೆ ಹೀಗೆ ಬಿಡಿಸಿ ಕೇಳಿ:

"ಹಬ್ಬ, ಪೂಜೆಯಲ್ಲಿ ರುಚಿ ನೋಡಿದ ಒಂದೆರಡು ಗುಟುಕು ಬಿಟ್ಟು, ನೀವು ಎಣ್ಣೆ (ಬ್ರಾಂದಿ, ವಿಸ್ಕಿ, ರಮ್, ಬಿಯರ್, ವೈನ್, ಹೆಂಡ ಯಾವುದಾದರೂ) ಕುಡಿದಿದ್ದೀರಾ? ಇದುವರೆಗೆ ಎಷ್ಟು ಸಲ? ಕಳೆದ 12 ತಿಂಗಳಲ್ಲಿ? ಕಳೆದ 30 ದಿನದಲ್ಲಿ?" ಉತ್ತರಕ್ಕೆ: ಒಮ್ಮೆಯೂ ಇಲ್ಲ, 1–2 ಸಲ, 3–5, 6–9, 10 ಅಥವಾ ಜಾಸ್ತಿ.

ಆಮೇಲೆ ಪ್ರತ್ಯೇಕವಾಗಿ: "ಮೊದಲ ಗುಟುಕು ಕೊಟ್ಟವರು ಯಾರು?" ಈ ಒಂದು ಪ್ರಶ್ನೆ ಮನೆಯ ಬಗ್ಗೆ ಎಷ್ಟೋ ಹೇಳುತ್ತದೆ.

ಪ್ರಮಾಣ ಕೇಳುವುದಾದರೆ ಅವರ ಅಳತೆಯಲ್ಲೇ ಕೇಳಿ, ಲೆಕ್ಕ ನೀವು ಮಾಡಿಕೊಳ್ಳಿ. ಬ್ರಾಂದಿ, ವಿಸ್ಕಿಯಲ್ಲಿ ಆಲ್ಕೋಹಾಲ್ ಶೇ. 42.8. ಅಂದರೆ 30 ಮಿಲಿಯಲ್ಲಿ ಸುಮಾರು 10 ಗ್ರಾಂ, ಒಂದು ನೈಂಟಿಯಲ್ಲಿ ಸುಮಾರು 30 ಗ್ರಾಂ. ಶೇ. 5ರ 650 ಮಿಲಿ ಬಿಯರ್ ಬಾಟಲಿಯಲ್ಲಿ 25 ಗ್ರಾಂಗೆ ಸ್ವಲ್ಪ ಜಾಸ್ತಿ.

ಎಲ್ಲಾ ಪ್ರಶ್ನೆಗೂ ಎಲ್ಲರೂ ಉತ್ತರ ಬರೆಯುವ ಹಾಗೆ ಫಾರಂ ಮಾಡಿ. "ಇಲ್ಲ ಎಂದರೆ 20ನೇ ಪ್ರಶ್ನೆಗೆ ಹೋಗಿ" ಅಂತ ಹಾಕಿದರೆ ಬಳಸದವರು ಬೇಗ ಮುಗಿಸುತ್ತಾರೆ, ಬಳಸುವವನು ಒಬ್ಬನೇ ತಲೆ ಬಗ್ಗಿಸಿ ಬರೆಯುತ್ತಾ ಕೂರುತ್ತಾನೆ. ಪಕ್ಕದ ಬೆಂಚಿನವನಿಗೆ ಇಷ್ಟೇ ಸಾಕು. ಪ್ರತಿ ಪ್ರಶ್ನೆಯಲ್ಲೂ "ನಾನು ಬಳಸಿಲ್ಲ" ಎಂಬ ಖಾನೆ ಇಟ್ಟರೆ ಎಲ್ಲರ ಪೆನ್ನೂ ಒಂದೇ ವೇಗದಲ್ಲಿ ಓಡುತ್ತದೆ.

ಜಂಬಕ್ಕೆ ಎಲ್ಲದಕ್ಕೂ ಹೌದು ಅಂತ ಟಿಕ್ ಹಾಕುವವರೂ ಇರುತ್ತಾರೆ. ಯುರೋಪಿನಲ್ಲಿ 1995ರಿಂದ ನಾಲ್ಕು ವರ್ಷಕ್ಕೊಮ್ಮೆ 15–16 ವರ್ಷದವರ ಮೇಲೆ ನಡೆಯುವ ಎಸ್ಪಾಡ್ ಸಮೀಕ್ಷೆಯಲ್ಲಿ ಇದಕ್ಕೊಂದು ಉಪಾಯ ಮಾಡಿದ್ದಾರೆ. ಇಲ್ಲದ ಒಂದು ಮಾದಕ ವಸ್ತುವಿಗೆ "ರೆಲೆವಿನ್" ಅಂತ ಹೆಸರಿಟ್ಟು ಪಟ್ಟಿಯಲ್ಲಿ ಸೇರಿಸಿದ್ದಾರೆ. ಅದನ್ನು ಬಳಸಿದ್ದೇನೆ ಅಂದವರ ಉಳಿದ ಉತ್ತರಗಳನ್ನು ಅನುಮಾನದಿಂದ ನೋಡಬಹುದು. ನೀವೂ ಒಂದು ಹೆಸರು ಕಟ್ಟಿ. ಅದು ಯಾವ ಮಾತ್ರೆಯ ಹೆಸರೂ ಅಲ್ಲ ಅಂತ ಮೆಡಿಕಲ್ ಸ್ಟೋರಿನಲ್ಲಿ ವಿಚಾರಿಸಿಕೊಳ್ಳಿ.

ಈಗ ಮನೆಯ ಹಿನ್ನೆಲೆ. ಇದು ಸುಲಭ ಅಂತ ಕಾಣುತ್ತದೆ, ಸುಲಭ ಅಲ್ಲ. ಕುಟುಂಬದ ಸ್ಥಿತಿಗತಿ ಅಳೆಯಲು ನಮ್ಮಲ್ಲಿ ಬಳಸುವ ಬಿ.ಜಿ. ಪ್ರಸಾದ್ ಮಾಪಕ, ಕುಪ್ಪುಸ್ವಾಮಿ ಮಾಪಕ ಎರಡಕ್ಕೂ ಮನೆಯ ಆದಾಯ ಗೊತ್ತಿರಬೇಕು. 14 ವರ್ಷದ ಮಗುವಿಗೆ ಅಪ್ಪನ ಆದಾಯ ಎಲ್ಲಿ ಗೊತ್ತಿರುತ್ತದೆ? ಟೊಮೆಟೊ ಬೆಳೆಯುವ ಅಪ್ಪನಿಗೇ ಈ ವರ್ಷದ ಆದಾಯ ಇಷ್ಟು ಅಂತ ಹೇಳಲು ಆಗದು. ವಿದೇಶದ ಶಾಲಾ ಸಮೀಕ್ಷೆಗಳಲ್ಲಿ ಮಕ್ಕಳು ಕಣ್ಣಾರೆ ಕಂಡದ್ದನ್ನು ಕೇಳುತ್ತಾರೆ: ಕಾರು, ಸ್ವಂತ ಕೋಣೆ, ಕಂಪ್ಯೂಟರ್, ಪಾತ್ರೆ ತೊಳೆಯುವ ಯಂತ್ರ. ದಾರಿ ಸರಿ, ವಸ್ತುಗಳು ನಮ್ಮವಾಗಬೇಕು. ಹೆಂಚಿನ ಮನೆಯಾ, ಶೀಟಾ, ಆರ್‌ಸಿಸಿಯಾ? ಸ್ವಂತದ್ದಾ, ಬಾಡಿಗೆಯಾ? ಫ್ರಿಜ್, ಬೈಕು, ವಾಷಿಂಗ್ ಮೆಷಿನ್ ಇದೆಯಾ? ಎಷ್ಟು ಹಸು, ಡೇರಿಗೆ ಹಾಲು ಹಾಕುತ್ತೀರಾ? ಜಮೀನಿನ ಪ್ರಶ್ನೆಯಲ್ಲಿ "ಬೋರ್‌ವೆಲ್ ಇದೆಯಾ?" ಅಂತ ಬಿಟ್ಟರೆ ಸಾಲದು, "ಈಗ ನೀರು ಬರುತ್ತಿದೆಯಾ?" ಅಂತಲೂ ಕೇಳಿ. ನೀರಿಲ್ಲದ ಬೋರು ನಮ್ಮ ಜಿಲ್ಲೆಯಲ್ಲಿ ಆಸ್ತಿ ಅಲ್ಲ, ಸಾಲ. ಬಿಪಿಎಲ್ ಕಾರ್ಡು ರಾಜ್ಯದ ಬಹುಪಾಲು ಮನೆಗಳಲ್ಲಿ ಇರುವುದರಿಂದ ಅದೊಂದರಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಜೊತೆಗೆ ಅಪ್ಪ ಅಮ್ಮನ ಓದು, ವಾರದ ಕೈಖರ್ಚು, ಶನಿವಾರ ಭಾನುವಾರ ಕೂಲಿಗೆ ಹೋಗುತ್ತಾರಾ, ಆ ದುಡ್ಡು ಯಾರ ಕೈಯಲ್ಲಿರುತ್ತದೆ, ಹಾಸ್ಟೆಲ್ಲಾ ಮನೆಯಾ, ಅಪ್ಪ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಾರಾ ಎಂದೂ ಕೇಳಿ. ಮನೆಯಲ್ಲಿ ದೊಡ್ಡವರು ಕುಡಿಯುತ್ತಾರಾ ಅನ್ನುವುದನ್ನು ಕೊನೆಯ ಕಡೆಗೆ ಇಡಿ, "ಹೇಳಲು ಇಷ್ಟವಿಲ್ಲ" ಎಂಬ ಖಾನೆ ಕೊಡಿ. ಆ ಪ್ರಶ್ನೆ ಓದಿ ಪೆನ್ನು ಕೆಳಗಿಡುವ ಮಕ್ಕಳಿರುತ್ತಾರೆ. ಜಾತಿ ನಿಜವಾಗಿ ಬೇಕಾ ಅಂತ ಎರಡು ಸಲ ಯೋಚಿಸಿ. ಬೇಕೆಂದರೆ ಪ್ರವರ್ಗ ಮಾತ್ರ ಸಾಕು. ಚಿಕ್ಕ ಶಾಲೆಯಲ್ಲಿ ವಯಸ್ಸು, ಲಿಂಗ, ಪ್ರವರ್ಗ ಮೂರು ಸೇರಿದರೆ ಮಗುವಿನ ಹೆಸರೇ ಬರೆದ ಹಾಗೆ.

ಫಾರಂ ಸಿದ್ಧವಾದ ಮೇಲೆ ಸ್ಯಾಂಪಲ್‌ನಲ್ಲಿ ಇಲ್ಲದ ಶಾಲೆಯ ಕೆಲವು ಮಕ್ಕಳ ಜೊತೆ ಕೂತು, ಒಂದೊಂದು ಪ್ರಶ್ನೆಗೂ "ಇದನ್ನ ಓದಿದಾಗ ನಿಮಗೆ ಏನು ಅರ್ಥ ಆಯ್ತು?" ಅಂತ ಕೇಳಿ. ಅವರು ತಡವರಿಸಿದ ಕಡೆಯೆಲ್ಲ ತಿದ್ದಿ. ಪೂರ್ತಿ ಫಾರಂ ಒಂದು ಪಿರಿಯಡ್‌ನಲ್ಲಿ ಮುಗಿಯಬೇಕು.

ತರಗತಿಯ ದಿನ

ಮೇಷ್ಟ್ರು ಹೊರಗಿರಬೇಕು. ಬಾಗಿಲ ಹತ್ತಿರವೂ ಬೇಡ. ಇದನ್ನು ಹಿಂದಿನ ದಿನವೇ ಗೌರವದಿಂದ ಮಾತಾಡಿಕೊಳ್ಳಿ, ಮಕ್ಕಳ ಎದುರು "ಸರ್, ಆಚೆ ಹೋಗಿ" ಅನ್ನುವ ಹಾಗಾಗಬಾರದು. ಬೆಂಚಿಗೆ ಇಬ್ಬರಂತೆ, ಮಧ್ಯೆ ಬ್ಯಾಗ್ ಇಟ್ಟು ಕೂರಿಸಿ. ಜಾಗ ಸಾಲದಿದ್ದರೆ ಕಾರಿಡಾರಿನಲ್ಲಿ ಅಥವಾ ಮರದ ಕೆಳಗೆ ದೂರ ದೂರ ಕೂರಿಸಿ. ಎಲ್ಲರಿಗೂ ಒಂದೇ ಬಣ್ಣದ ಪೆನ್ನು ಕೊಡಿ, ಹಸಿರು ಇಂಕಿನಲ್ಲಿ ಬರೆಯುವವಳು ಒಬ್ಬಳೇ ಇದ್ದರೆ ಅವಳ ಫಾರಂ ಗೊತ್ತಾಗಿಬಿಡುತ್ತದೆ.

ಫಾರಂ ಹಂಚುವ ಮುಂಚೆ ಬಾಯಲ್ಲಿ ಹೇಳಿ: "ಹೆಸರು, ರೋಲ್ ನಂಬರ್ ಬರೀಬೇಡಿ. ಇದು ಪರೀಕ್ಷೆ ಅಲ್ಲ, ಸರಿ ತಪ್ಪು ಇಲ್ಲ. ಇಷ್ಟ ಇಲ್ಲದ ಪ್ರಶ್ನೆ ಬಿಡಬಹುದು. ಪೂರ್ತಿ ಬೇಡ ಅನ್ನಿಸಿದರೆ ಖಾಲಿ ಹಾಳೆಯನ್ನೇ ಲಕೋಟೆಗೆ ಹಾಕಿ ಅಂಟಿಸಿ." ಮುಗಿದ ಮೇಲೆ ಪ್ರತಿಯೊಬ್ಬರೂ ತಾವೇ ಲಕೋಟೆ ಅಂಟಿಸಿ, ಬೀಗ ಹಾಕಿದ ಡಬ್ಬಿಗೆ ಹಾಕಬೇಕು. ಡಬ್ಬಿಯನ್ನು ಸ್ಟಾಫ್ ರೂಮಿನಲ್ಲಿ ಬಿಟ್ಟು ಟೀ ಕುಡಿಯಲು ಹೋಗಬೇಡಿ. ಅದು ನಿಮ್ಮ ಜೊತೆಯೇ ಗಾಡಿ ಹತ್ತಬೇಕು.

ಹೊರಡುವಾಗ ಎಲ್ಲಾ ಮಕ್ಕಳಿಗೂ ಒಂದೇ ಥರದ ಚೀಟಿ ಕೊಡಿ, ಬೇಕಾದವರಿಗೆ ಮಾತ್ರ ಅಲ್ಲ. ಅದರಲ್ಲಿ ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಹತ್ತಿರದ ಸ್ನೇಹ ಕ್ಲಿನಿಕ್ (ಹದಿಹರೆಯದವರ ಸರ್ಕಾರಿ ಆರೋಗ್ಯ ಕ್ಲಿನಿಕ್) ಮತ್ತು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯ ವಿವರ ಇರಲಿ. ಅಚ್ಚು ಹಾಕಿಸುವ ಮುಂಚೆ ನೀವೇ ಆ ನಂಬರುಗಳಿಗೆ ಫೋನ್ ಮಾಡಿ, ಕನ್ನಡದಲ್ಲಿ ಯಾರು ಎತ್ತುತ್ತಾರೆ ನೋಡಿ.

ಲೆಕ್ಕ ಮತ್ತು ವರದಿ

ಫಾರಂಗಳನ್ನು ಇಬ್ಬರು ಬೇರೆ ಬೇರೆಯಾಗಿ ಕಂಪ್ಯೂಟರಿಗೆ ಹಾಕಿ, ಎರಡನ್ನೂ ಹೋಲಿಸಿ. ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳಾದ ಎಪಿ ಇನ್ಫೊ, ಜಮೋವಿ, ಆರ್ ಎಲ್ಲವೂ ಉಚಿತ. ತರಗತಿಗಳನ್ನು ಗುಂಪಾಗಿ ಆರಿಸಿದ್ದೀರಿ ಎಂಬುದನ್ನು ವಿಶ್ಲೇಷಣೆಯಲ್ಲಿ ಸೇರಿಸಿ, ಇಲ್ಲದಿದ್ದರೆ ಇಲ್ಲದ ವ್ಯತ್ಯಾಸಗಳೂ ದೊಡ್ಡದಾಗಿ ಕಾಣುತ್ತವೆ. ಶೇ. 10 ಅಂತ ಒಂದೇ ಅಂಕಿ ಬರೆಯದೆ "ಶೇ. 10, ಅಂದಾಜು 7ರಿಂದ 13ರ ನಡುವೆ" ಅಂತ ಬರೆಯಿರಿ.

ಹಿನ್ನೆಲೆಗೂ ಬಳಕೆಗೂ ಇರುವ ಸಂಬಂಧ ಹೇಳುವಾಗ ನಿಧಾನವಾಗಿ ಹೆಜ್ಜೆ ಇಡಿ. ಬಡವರ ಮಕ್ಕಳಲ್ಲಿ ಬಳಕೆ ಜಾಸ್ತಿ ಅಂತ ಟೇಬಲ್‌ನಲ್ಲಿ ಬಂದಿತು ಅನ್ನಿ. ಅದು ಬಡತನದಿಂದಲಾ? ಅಥವಾ ಆ ಹುಡುಗರು ರಜೆಯಲ್ಲಿ ದುಡಿದು ಕೈಯಲ್ಲಿ ದುಡ್ಡು ಹಿಡಿದು, ದೊಡ್ಡ ಗಂಡಸರ ಜೊತೆ ಕೂತು ಕೆಲಸ ಮಾಡುವುದರಿಂದಲಾ? ಕೂಲಿ ಮತ್ತು ಕೈಖರ್ಚನ್ನು ಲೆಕ್ಕಕ್ಕೆ ಸೇರಿಸಿದಾಗ ಬಡತನದ ಸಂಬಂಧ ಕಡಿಮೆಯಾಗಬಹುದು, ಮಾಯವೂ ಆಗಬಹುದು. ಕೈಖರ್ಚು ಜಾಸ್ತಿ ಇರುವ ಸ್ಥಿತಿವಂತರ ಮಕ್ಕಳಲ್ಲಿ ಬಿಯರ್, ಸಿಗರೇಟು ಹೆಚ್ಚಿರಲೂಬಹುದು. ವಸ್ತುವಿನಿಂದ ವಸ್ತುವಿಗೆ ಚಿತ್ರ ಬದಲಾಗುತ್ತದೆ, ಅದಕ್ಕೇ ಎಲ್ಲವನ್ನೂ ಸೇರಿಸಿ "ಮಾದಕ ವಸ್ತು" ಅಂತ ಒಂದೇ ಸಾಲು ಬರೆಯಬೇಡಿ. ಒಂದೇ ಸಲ ಮಾಡಿದ ಸಮೀಕ್ಷೆ ಸಂಬಂಧ ತೋರಿಸುತ್ತದೆ, ಕಾರಣ ತೋರಿಸುವುದಿಲ್ಲ. ಒಂದು ಕೇರಿಯ, ಒಂದು ಜಾತಿಯ ಮಕ್ಕಳ ಮೇಲೆ ಬೆರಳು ತೋರಿಸಲು ನಿಮ್ಮ ಟೇಬಲ್ ಬಳಕೆಯಾದರೆ ಆ ಮಕ್ಕಳಿಗೆ ನೀವೇ ಅನ್ಯಾಯ ಮಾಡಿದಂತೆ. 10ಕ್ಕಿಂತ ಕಡಿಮೆ ಮಕ್ಕಳಿರುವ ಯಾವ ಖಾನೆಯನ್ನೂ ಪ್ರಕಟಿಸಬೇಡಿ.

ತುಂಬಿದ ಫಾರಂಗಳು ಬೀಗದಲ್ಲಿರಲಿ. ಸಮಿತಿ ಹೇಳಿದ ಅವಧಿ ಮುಗಿದ ಮೇಲೆ ಚೂರು ಮಾಡಿಸಿ. ಗುಜರಿಗೆ ಹಾಕಿದರೆ ನಾಳೆ ಕಡಲೆಕಾಯಿ ಪೊಟ್ಟಣವಾಗಿ ಅದೇ ಊರಿಗೆ ಬರುತ್ತದೆ.

ವರದಿ ಮುಗಿದ ಮೇಲೆ ಜಿಲ್ಲೆಯ ಒಟ್ಟು ಅಂಕಿಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ, ಬಿಇಒ ಕಚೇರಿಯಲ್ಲಿ, ಮಕ್ಕಳ ಎದುರಿನಲ್ಲೂ ಹೇಳಿ. ಬಳಸದವರೇ ಹೆಚ್ಚು ಅಂತ ಬಂದಿದ್ದರೆ ಅದನ್ನೇ ಮೊದಲು ಹೇಳಿ. "ಎಲ್ಲರೂ ಕುಡಿಯುತ್ತಾರೆ, ನಾನೊಬ್ಬನೇ ಇಲ್ಲ" ಅಂದುಕೊಂಡ ಹುಡುಗನಿಗೆ ಆ ಅಂಕಿ ಬೇಕು. ಪ್ರಶ್ನಾವಳಿಯನ್ನು ಒಂದಕ್ಷರ ಬದಲಿಸದೆ ಇಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ಅದೇ ತಿಂಗಳಲ್ಲಿ, ಅದೇ ತರಗತಿಗಳಿಗೆ ಮತ್ತೆ ಹೋದಾಗ ಬಳಕೆ ಏರಿದೆಯೋ ಇಳಿದಿದೆಯೋ ಎಂದು ಹೇಳಲು ಸಾಧ್ಯವಾಗುವುದು ಆಗಲೇ.